ಮೋಟರ್ ಇಳಿಸುವ ಪಾಠ

ಪಾಠವನ್ನು ಮನೆಯಲ್ಲೇ ಮೊಬೈಲಿನಲ್ಲಿ ನೋಡಿಕೊಂಡು ಬರಬೇಕು, ಕ್ಲಾಸಿನಲ್ಲಿ ಬರೀ ಪ್ರಶ್ನೆ. ಜಮಖಂಡಿಯ ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುವ ಬಸವಕುಮಾರ ಸರ್ ಹೀಗೊಂದು ಹೊಸ ಪದ್ಧತಿ ಶುರು ಮಾಡಿದ್ದರು. ತುಬಚಿಯ ಅಕ್ಷತಾ ಮನೆಯಲ್ಲಿ ಗಾಳಿಯ ಒತ್ತಡದ ಪಾಠದ ವಿಡಿಯೊ ಹಚ್ಚಿದಾಗ, ಕಾಲೇಜಿನ ಮೆಟ್ಟಿಲನ್ನೇ ಹತ್ತದ ಅವಳಪ್ಪ ಭೀಮಪ್ಪನೂ ಪಕ್ಕದಲ್ಲಿ ಕೂತು ಎವೆಯಿಕ್ಕದೆ ನೋಡಿದ್ದ.

ಮರುದಿನ ಸರ್ ಕೇಳಿದರು. "ಹೊಳಿ ನೀರಿಗಿಂತ ಹನ್ನೆರಡು ಮೀಟರ್ ಮ್ಯಾಲ, ದಂಡಿಗೆ ಪಂಪ್ ಇಟ್ರ ನೀರು ಏರತೈತೇನು?"

"ದೊಡ್ಡ ಮೋಟರ್ ಕೂಡಿಸಿದ್ರ ಏರತೈತ್ರಿ!" ಇಡೀ ಕ್ಲಾಸು ಕೂಗಿತು.

ಅಕ್ಷತಾ ತಡೆಯಲಾರದೆ ಎದ್ದು ನಿಂತಳು. "ಏರಂಗಿಲ್ರಿ ಸರ್! ಪಂಪ್ ಪೈಪಿನ್ಯಾಗಿನ ಗಾಳಿ ತಗೀತೈತಿ ಅಷ್ಟ, ನೀರನ್ನ ಮ್ಯಾಲ ಒತ್ತೂದು ಹೊರಗಿನ ಗಾಳಿ. ಅದರ ಶಕ್ತಿ ಹತ್ತು ಮೀಟರಿಗೇ ಮುಗೀತೈತಿ. ಅದಕ್ಕ ಬ್ಯಾಸಿಗ್ಯಾಗ ಹೊಳಿ ಇಳಿದಂಗ ನಮ್ಮಪ್ಪ ಮೋಟರ್ ಕೆಳಗ ಇಳಸ್ತಾನ್ರಿ!"

ಸರ್ ಸೀಮೆಸುಣ್ಣ ಕೆಳಗಿಟ್ಟು ಚಪ್ಪಾಳೆ ತಟ್ಟಿದರು.

ಸಂಜೆ ಬಸ್ಸಿಳಿದವಳೇ ಅಪ್ಪನಿಗೆ ಹೇಳಲು ಮನೆಗೆ ಓಡಿದಳು. ಅವನು ಹೊಸ್ತಿಲಲ್ಲೇ ಕಾಯುತ್ತಿದ್ದ.

"ಮೂವತ್ತು ವರ್ಷ ಆ ಮೋಟರ್ ಹೊತ್ತು ಇಳಿಸೇನಿ. ಯಾಕನ್ನೂದು ನಿನ್ನೆ ತಿಳೀತು ನೋಡವಾ," ಎಂದು ಮೊಬೈಲಿಗೆ ಕೈ ಚಾಚಿದ. "ಇವತ್ತಿನ ಪಾಠ ಹಚ್ಚು, ಲಗೂನ!"