ಯಾರ ಶನಿವಾರ?

ಅಮ್ಮನನ್ನು ಮಣ್ಣು ಮಾಡಬೇಕಿದ್ದ ಶನಿವಾರ ಬೆಳಿಗ್ಗೆ ತಮ್ಮ ಇಯೋಸೆಫೋ ಫೋನ್ ಮಾಡಿ, "ಅಕ್ಕಾ, ನಾಳೆ ಬರ್ತಿದೀನಿ" ಅಂದ.

"ನಾಳೆ ಬಂದು ಏನೋ ಮಾಡ್ತೀಯ? ಮಣ್ಣು ಮಾಡೋದು ಇವತ್ತು ಮಧ್ಯಾಹ್ನ!"

"ಮಾವ ಶನಿವಾರ ಅಂದ್ರಲ್ಲ. ಇವತ್ತು ಶುಕ್ರವಾರ."

"ನಿಂಗೆ ಶುಕ್ರವಾರ ಕಣೋ! ನಮಗೆ ಶನಿವಾರ!"

ಅವನಿರುವುದು ಪಕ್ಕದ ದ್ವೀಪದ ಪಾಗೋ ಪಾಗೋದಲ್ಲಿ, ಮೀನಿನ ಕಾರ್ಖಾನೆಯ ಕೆಲಸ. ನಮ್ಮ ಅಪಿಯಾದಿಂದ ನೂರಮೂವತ್ತು ಕಿಲೋಮೀಟರು, ವಿಮಾನದಲ್ಲಿ ಮುಕ್ಕಾಲು ಗಂಟೆಯೂ ಹಿಡಿಯದು. ಗಡಿಯಾರ ಎರಡೂ ಕಡೆ ಒಂದೇ. ಆದರೆ ನಡುವಿನ ಸಮುದ್ರದಲ್ಲಿ ತಾರೀಖಿನ ಗೆರೆ ಹಾದುಹೋಗುತ್ತದೆ. ಅವರು ನಮಗಿಂತ ಇಡೀ ಒಂದು ದಿನ ಹಿಂದೆ. ಅದಕ್ಕೇ 'ನಮ್ಮ ಶನಿವಾರ', 'ನಿಮ್ಮ ಶನಿವಾರ' ಎಂದು ಬಿಡಿಸಿ ಹೇಳುವುದು ನಮ್ಮಲ್ಲಿ ರೂಢಿ. ಸುದ್ದಿ ತಿಳಿಸಿದ ಮಾವ ಅಮ್ಮನ ಅಣ್ಣ; ದುಃಖದಲ್ಲಿ ಅವರಿಗೆ ಅದು ಬಾಯಿಗೆ ಬರಲಿಲ್ಲ, ಈ ಪುಣ್ಯಾತ್ಮ ಕೇಳಲೂ ಇಲ್ಲ.

"ಇನ್ನೊಂದು ವಿಮಾನ ಇದೆ, ಓಡ್ತೀನಿ," ಎಂದ. "ಅಮ್ಮನ ಮುಖ ನೋಡ್ಬೇಕು. ಪೆಟ್ಟಿಗೆ ಮುಚ್ಚಬೇಡಿ ಅಕ್ಕಾ."

ಮಾವ ಒಪ್ಪಲಿಲ್ಲ. "ಪಾದ್ರಿಗಳಿಗೆ ಆಮೇಲೆ ಇನ್ನೊಂದು ಊರಿಗೆ ಹೋಗೋದಿದೆ. ಹನ್ನೆರಡಕ್ಕೆ ಮುಚ್ಚೋದೇ."

ಸ್ವಲ್ಪ ಹೊತ್ತಿಗೆ ಮತ್ತೆ ಫೋನ್. ಆ ಪುಟ್ಟ ವಿಮಾನದಲ್ಲಿ ಸಾಮಾನಿನ ಜೊತೆ ಮನುಷ್ಯರನ್ನೂ ತಕ್ಕಡಿ ಹತ್ತಿಸಿ ತೂಗುತ್ತಾರೆ. ನನ್ನ ತಮ್ಮನೋ ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬರದಂಥ ಆಳು.

"ತೂಕ ಜಾಸ್ತಿಯಂತೆ, ಇಳಿ ಅಂತಿದಾರೆ."

"ಕೈಯಲ್ಲೇನಿದೆ?"

"ಸಾವಿನ ಮನೆಗೆ ಅಂತ ಮಾಂಸದ ಡಬ್ಬಿ, ಎರಡು ಪೆಟ್ಟಿಗೆ. ಅಮ್ಮ ನೇಯ್ದ ಚಾಪೆ. ಬರಿಗೈಲಿ ಹೇಗೆ ಬರ್ಲಿ? ಮಾವ ಜನರ ಮುಂದೆ ಮಾನ ಕಳೀತಾರೆ."

"ಬಿಸಾಕೋ ಡಬ್ಬಿನ! ಅಮ್ಮ ಮಾಂಸ ಕೇಳ್ತಾಳಾ?"

ಫೋನ್ ಕಟ್ಟಾಯಿತು. ಹತ್ತಿದನೋ ಇಲ್ಲವೋ ಗೊತ್ತಾಗಲಿಲ್ಲ.

ಹನ್ನೆರಡಾಯಿತು. ಪ್ರಾರ್ಥನೆ ಮುಗಿಯಿತು. ಮಾವ ಮುಚ್ಚಳಕ್ಕೆ ಕೈ ಹಾಕಿದರು. ನಾನು ಪೆಟ್ಟಿಗೆಯ ಅಂಚಿನ ಮೇಲೆ ಬೆರಳಿಟ್ಟೆ.

"ಕೈ ತೆಗಿಯೇ."

"ಮುಚ್ಚೋದಾದ್ರೆ ನನ್ನ ಬೆರಳ ಮೇಲೇ ಮುಚ್ಚಿ ಮಾವ."

ಅವರ ಮುಖ ಕೆಂಪೇರಿತು. ಕೂತವರೆಲ್ಲ ತಲೆ ತಗ್ಗಿಸಿದರು. ಪಾದ್ರಿಗಳು ಎರಡು ಸಲ ಕೆಮ್ಮಿದರು. ನಾನು ಕೈ ತೆಗೆಯಲಿಲ್ಲ.

ಅಷ್ಟರಲ್ಲಿ ಹೊರಗೆ ಟ್ಯಾಕ್ಸಿ ನಿಂತ ಸದ್ದು. ಇಯೋಸೆಫೋ ಬರಿಗಾಲಲ್ಲಿ ಒಳಗೆ ಬಂದ. ಬೂಟನ್ನೂ ತಕ್ಕಡಿಯ ಪಕ್ಕ ಬಿಟ್ಟು ಬಂದಿದ್ದ. ಎದೆಗೆ ಅವುಚಿಕೊಂಡಿದ್ದು ಚಾಪೆ ಒಂದೇ. ಮಾವ ಅವನ ಕಾಲು ನೋಡಿ ದಾರಿ ಬಿಟ್ಟರು. ಅವನು ಅಮ್ಮನ ಕೆನ್ನೆ ಮುಟ್ಟಿ, ಚಾಪೆ ಹೊದಿಸಿ, ಮಗುವಿನಂತೆ ಅತ್ತ.

ಸಂಜೆ, ಮನೆಮುಂದೆಯೇ ಇದ್ದ ಅಮ್ಮನ ಗೋರಿಯ ಹಸಿಮಣ್ಣಿನ ಪಕ್ಕ ಕೂತು ಹೇಳಿದ: "ರಜ ಇಲ್ಲ ಅಕ್ಕಾ, ನಾಳೆ ಹೋಗ್ಬೇಕು. ಹೋಗಿ ಇಳಿದ್ರೆ ಅಲ್ಲಿ ಮತ್ತೆ ಶನಿವಾರ. ನಿಮಗೆಲ್ಲ ಈ ದಿನ ಮುಗೀತು. ನಂಗೆ ಇನ್ನೊಂದ್ಸಲ ಇದೆ, ಒಬ್ಬನೇ."

ನಾನು ಅವನ ಕೈ ಹಿಡಿದುಕೊಂಡೆ. "ನಾಡಿದ್ದು ಹೋಗೋ. ಆಗ ಅಲ್ಲಿ ಭಾನುವಾರ ಆಗಿರುತ್ತೆ."