ಬಾಂದಗಲ್ಲು ಕಿತ್ತವರು

"ಸೈ ಮಾಡಲೇ ಬೋಳಿಮಗನ. ನಿನ್ನ ಯೇಸು ಬಂದು ಪೆನ್ನು ಹಿಡಿಸಬೇಕೇನು?"

ಕುಬೇರಪ್ಪ ಗೌಡ ಹಾಗೆ ಬೈಯುವಾಗ ನನ್ನ ಗಂಡ ಹುಲಿಗೆಪ್ಪ ಎರೆಹೊಲದ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದ. ಮುಂದೆ ಸರ್ವೆ ಸಾಹೇಬನ ಪಂಚನಾಮೆ. ಗೌಡನ ಹೊಲಕ್ಕೂ ಮಲಿಕಸಾಬನ ಹೊಲಕ್ಕೂ ನಡುವಿನ ಬಾಂದಗಲ್ಲು ಅಜ್ಜನ ಕಾಲದಿಂದಲೂ ಇಲ್ಲೇ ಇದೆ ಎಂದು ಅದರಲ್ಲಿ ಬರೆದಿತ್ತು. ಸಾಕ್ಷಿಗೆ ಇಬ್ಬರು ಪಂಚರ ಸಹಿ ಬೇಕು. ಒಂದನ್ನು ಗೌಡನ ಅಳಿಯ ಹಾಕಿ ಮುಗಿಸಿದ್ದ. ಎರಡನೆಯದು ಕಲ್ಲು ಹುಗಿದವನದೇ ಆದರೆ ಅವನು ನಾಳೆ ಬಾಯಿ ಬಿಡಲಾರ ಎಂಬುದು ಗೌಡನ ಎಣಿಕೆ.

ಹೌದು, ಹುಗಿದವರು ನಾವೇ. ಎಂಟು ದಿನವಾಗಿತ್ತು. ಸರ್ವೆಯವರು ಹೊಸದಾಗಿ ಅಳೆದು ಗುರುತು ಹಾಕಿದ್ದಾರೆ, ಕಿತ್ತು ಅಲ್ಲಿ ನೆಡಿರಿ ಎಂದು ಗೌಡ ಹೇಳಿದ. ದೊಡ್ಡವರ ಮಾತು, ನಂಬಿದೆವು. ಗಂಡ ಹಾರೆ ಹಾಕಿದ, ನಾನು ಬುಟ್ಟಿಯಲ್ಲಿ ಮಣ್ಣು ಹೊತ್ತೆ. ಮಲಿಕಸಾಬನ ಹತ್ತಿಯ ಹನ್ನೆರಡು ಸಾಲು ಗೌಡನ ಪಾಲಾದವು. ಮರುದಿನ ಮಲಿಕಸಾಬ ನಮ್ಮ ಬಾಗಿಲಿಗೆ ಬಂದು, ಯಾವ ಸರ್ವೆಯವನೂ ಬಂದಿರಲಿಲ್ಲ, ಗೌಡ ನಿಮ್ಮ ಕೈಯಿಂದಲೇ ನನ್ನ ಹೊಟ್ಟೆಗೆ ಹೊಡೆಸಿದ ಎಂದು ಹೇಳಿ ಹೋದ. ಅವನ ಅರ್ಜಿಯ ಮೇಲೇ ಇವತ್ತು ಸರ್ವೆ ಸಾಹೇಬ ಬಂದದ್ದು; ಮಲಿಕಸಾಬನೂ ಅಲ್ಲೇ ನಿಂತಿದ್ದ.

ನಾವು ಯೇಸುವನ್ನು ನಂಬಿ ಆರು ವರ್ಷವಾಯಿತು, ಈ ಮನುಷ್ಯನ ಜೊತೆ ಬಾಳಿ ನನಗೆ ಸಾಕುಸಾಕಾಗಿದೆ. ಸೆರೆ ಕುಡಿಯುವುದು ಬಿಟ್ಟ, ಒಳ್ಳೆಯದಾಯಿತು. ಗೌಡರ ಗುಡಿಯ ಮುಂದೆ ಹಲಗಿ ಬಾರಿಸುವುದು ಬಿಟ್ಟ, ಹೊಡೆತ ತಿಂದ. ನಾನು ಯಾರದೋ ಬದುವಿನಲ್ಲಿ ಕೊಯ್ದು ತಂದ ಹುಲ್ಲಿನ ಹೊರೆಯನ್ನು ತಿರುಗಿ ಹೊತ್ತೊಯ್ದು ಕೊಟ್ಟು ಬಂದ. ಊರೆಲ್ಲ ಕದ್ದು ತಿನ್ನುವಾಗ ನಮ್ಮ ಎಮ್ಮೆ ಮಾತ್ರ ಉಪವಾಸ ಇರಬೇಕೇನು ಎಂದು ಅವತ್ತು ದೊಡ್ಡ ಜಗಳ ತೆಗೆದಿದ್ದೆ. ಊರಿಗೆ ಒಂದು ದಾರಿಯಾದರೆ ಪೋರನಿಗೊಂದು ದಾರಿ.

"ಸುಳ್ಳಿಗೆ ಸೈ ಮಾಡಾಂಗಿಲ್ರಿ ಗೌಡ್ರ," ಎಂದ ಗಂಡ. "ಕಲ್ಲು ಕಿತ್ತಾಂವ ನಾನ ಅದೀನಿ."

ಗೌಡ ಅವನ ಭುಜಕ್ಕೆ ಒದ್ದ. ಗಂಡ ಮಣ್ಣಿಗೆ ಬಿದ್ದ. ಸಾಹೇಬ ಮೊಬೈಲು ನೋಡತೊಡಗಿದ, ಅದರಲ್ಲಿ ಏನಿತ್ತೋ. ಮಲಿಕಸಾಬ ಒಂದು ಹೆಜ್ಜೆ ಮುಂದಿಟ್ಟರೆ ಅಳಿಯ ಎದೆಗೆ ಕೈಯಿಟ್ಟು ತಡೆದ.

ಆಮೇಲೆ ಗೌಡ ದನಿ ಇಳಿಸಿದ. ಅವನ ಬೈಗುಳಕ್ಕಿಂತ ಆ ದನಿಗೇ ನಮ್ಮ ಕೇರಿ ಹೆದರುವುದು.

"ಸುಳ್ಳು ಆಗಿಬರಂಗಿಲ್ಲಂತ ಮಗನಿಗೆ. ನಿನ್ನ ಮಗಳು ಧಾರವಾಡದಾಗ ಯಾವ ಜಾತಿ ಬರದು ಹಾಸ್ಟೆಲ್ ಸೇರ್ಯಾಳಲೇ? ಹಿಂದೂ ಮಾದರ. ಐತವಾರ ಮನ್ಯಾಗ ಮಂದಿ ಕೂಡಿಸಿ ಯೇಸುನ ಹಾಡಾ ಹಾಡಾಂವ ಯಾರು? ನಾ ಒಂದು ಅರ್ಜಿ ಒಗದ್ರ ಗಂಟು ಕಟಗೊಂಡು ಬರ್ತಾಳ."

ಬರುತ್ತಾಳೆ, ಅದು ನಿಜ. ಯೇಸುವಿನವರೆಂದು ಕಾಗದಕ್ಕೆ ಬಿದ್ದರೆ ಮಾದರ ಸರ್ಟಿಫಿಕೇಟು ರದ್ದು, ಹಾಸ್ಟೆಲೂ ರದ್ದು. ಕೇರಿ ರದ್ದಾಗುವುದಿಲ್ಲ, ಚಹಾದಂಗಡಿಯಲ್ಲಿ ನಮಗೆಂದು ಇಟ್ಟ ಬೇರೆ ಲೋಟ ರದ್ದಾಗುವುದಿಲ್ಲ. ಗೌಡನ ತಾಯಿ ಸತ್ತು ಮೂರು ವರ್ಷ, ರೇಷನ್ ಕಾರ್ಡಿನಲ್ಲಿ ಇನ್ನೂ ಅಕ್ಕಿ ತಿನ್ನುತ್ತಿದ್ದಾಳೆ. ಆ ಸುಳ್ಳನ್ನು ಯಾರೂ ಕೇಳುವುದಿಲ್ಲ. ನಮ್ಮ ಸೌಂದರ್ಯಾ ನರ್ಸಿಂಗ್ ಎರಡನೆಯ ವರ್ಷ. ನಮ್ಮ ವಂಶದಲ್ಲಿ ಹತ್ತನೆಯ ಇಯತ್ತೆ ದಾಟಿದವಳು ಅವಳೊಬ್ಬಳೇ.

ಮಗಳ ಹೆಸರು ಬಂದದ್ದೇ ಗಂಡನ ಮುಖದ ಕಳೆ ಹೋಯಿತು. ಕಣ್ಣು ಮುಚ್ಚಿ ಏನೋ ಪ್ರಾರ್ಥಿಸಿದ. ನಂತರ ಕೈಚಾಚಿ ಪೆನ್ನು ತೆಗೆದುಕೊಂಡ.

ಇದಕ್ಕಾಗಿಯೇ ಬೆಳಗಿನಿಂದ ಅವನ ಕಾಲು ಹಿಡಿದು ಬೇಡಿಕೊಂಡವಳು ನಾನು. ಆದರೆ ಅವನು ಪೆನ್ನು ಹಿಡಿದು ಕಾಗದದ ಮೇಲೆ ಬಾಗಿದ್ದನ್ನು ನನ್ನಿಂದ ನೋಡಲಾಗಲಿಲ್ಲ. ಒಂದು ಹೊರೆ ಹುಲ್ಲಿಗೂ ನನ್ನನ್ನು ಕಾಡಿದ ಮನುಷ್ಯನನ್ನು ಈ ಗೌಡ ಒಂದು ಮಾತಿನಲ್ಲಿ ಮುರಿದರೆ ನಮ್ಮ ಮನೆಯಲ್ಲಿ ಇನ್ನೇನು ಉಳಿಯಿತು? ಮಗಳಿಗಾದರೂ ಯಾವ ಮುಖ ತೋರಿಸುವುದು?

ಪೆನ್ನು ಕಸಿದು ಹತ್ತಿಗಿಡಗಳೊಳಗೆ ಎಸೆದೆ.

"ಬರ್ಕೋರಿ ಸಾಹೇಬ್ರ. ಕಲ್ಲು ಕಿತ್ತಾವ್ರು ನಾವು, ಕೀಳಿಸಿದಾವ್ರು ಈ ಗೌಡ್ರು. ನನ್ನ ಹೆಸರು ಗಾಳೆವ್ವ. ಹುಟ್ಟಿದ್ದು ಮಾದರ ಕೇರ್ಯಾಗ, ನಂಬಿದ್ದು ಯೇಸುನ್ನ. ಎರಡೂ ಖರೇನ. ಮಗಳು ಮನಿಗೆ ಬಂದ್ರ ಬರ್ಲಿ."

ಹೆಂಗಸರ ಹೇಳಿಕೆ ಬೇಡ ಎಂದ ಸಾಹೇಬ. ಗೌಡ ಸೂಳೆ ಎಂದ, ರಂಡೆ ಎಂದ, ಇವತ್ತೇ ಅರ್ಜಿ ಹೋಗುತ್ತದೆ ನೋಡು ಎಂದ. ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಹತ್ತಿಸಾಲುಗಳನ್ನು ಒಂದೊಂದಾಗಿ ದಾಟಿಕೊಂಡು ಹೋದೆ. ಹಳೆಯ ಕಲ್ಲಿನ ಕುಳಿಯ ಮಣ್ಣು ಇನ್ನೂ ಗಟ್ಟಿಯಾಗಿರಲಿಲ್ಲ. ಕೈಯಿಂದ ಕೆದರಿ, ಮೊಣಕಾಲಿನವರೆಗೆ ಇಳಿದು ನಿಂತೆ.

"ಅಳತೀ ಚೈನು ಇಲ್ಲಿಂದ ಹಿಡೀರಿ ಸಾಹೇಬ್ರ," ಎಂದೆ.

ಗೌಡ ಹಾರೆ ಎತ್ತಿಕೊಂಡು ಬರುತ್ತಿದ್ದ. ನಾನು ಕಾಲು ತೆಗೆಯಲಿಲ್ಲ.