ಗಂಟು ಹಾಕದ ಗುಂಡಿ

ಇಸ್ತ್ರಿಪೆಟ್ಟಿಗೆಯ ಆವಿ ಕನ್ನಡಿಗೆ ತಗುಲಿ ಅವಳ ಮುಖ ಅರ್ಧ ಮಾಯವಾಯಿತು, ಒಳ್ಳೆಯದೇ ಆಯಿತು, ಈ ಮುಖವನ್ನು ಇವತ್ತು ಯಾರಿಗೆ ತೋರಿಸುವುದು, ಸಂಜೆ ಆರರೊಳಗೆ ಆ ಸಾಲನ್ನ ಅಳಿಸಿಬಿಡಿ, ಇಲ್ಲಾಂದ್ರೆ ನಿಮ್ಮನ್ನ ಬಳಗದಿಂದ ತೆಗೀಬೇಕಾಗುತ್ತೆ — ಮೊಬೈಲನ್ನು ಹೊಲಿಗೆ ಯಂತ್ರದ ಪಕ್ಕ ಬೋರಲು ಹಾಕಿದ್ದಾಳೆ, ಬೋರಲು ಹಾಕಿದರೆ ಸಂದೇಶ ಬಾಯಿ ಮುಚ್ಚುತ್ತದೆಯೇ, ಇನ್ನು ಇಪ್ಪತ್ತೇ ನಿಮಿಷ, ಬಳಗದಿಂದ ತೆಗೆದರೆ ಅಲ್ಲಿ ತಾನು ಬರೆದ ಹನ್ನೊಂದು ಅಧ್ಯಾಯಗಳೂ ಹೋಗುತ್ತವೆ. ಎಂದೋ ಮುಗಿದುಹೋದ, ಹಡಗಿನ ಕಥೆಯ ಧಾರಾವಾಹಿಯನ್ನು ಬಿಡಲಾರದ ಮುನ್ನೂರು ಅಭಿಮಾನಿಗಳ ಬಳಗ, ಟಿವಿಯವರು ಮುಳುಗಿಸಿದ ಕಪ್ತಾನನನ್ನು ತಮ್ಮ ತಮ್ಮ ಕಥೆಗಳಲ್ಲಿ ದಡ ಸೇರಿಸುವವರು, ಅವರಲ್ಲಿ ಕಡಲಹಕ್ಕಿ ಎಂಬ ಹೆಸರಿನಲ್ಲಿ ಬರೆಯುವವಳು ಎಲ್ಲರ ಕಣ್ಮಣಿ. ಅವಳ ಕಥೆಯಲ್ಲಿ ಕಪ್ತಾನನ ಹೆಂಡತಿ ಅವನು ಹೊರಡುವ ಬೆಳಗ್ಗೆ ಕೋಟಿಗೆ ಗುಂಡಿ ಹೊಲಿಯುತ್ತಾಳೆ, ಗಂಟು ಹಾಕದೆ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸುತ್ತಾಳೆ, ಏಳು ವರ್ಷದ ಬಿರುಗಾಳಿಗೂ ಆ ಗುಂಡಿ ಬೀಳುವುದಿಲ್ಲ, ಅದನ್ನು ನೋಡಿಯೇ ಗಂಡನನ್ನು ಗುರುತು ಹಿಡಿಯುತ್ತಾಳೆ. ಗಂಟು ಹಾಕದ ಗುಂಡಿ ಏಳು ವರ್ಷ ಇರಲಿ, ಏಳು ದಿನಾನೂ ನಿಲ್ಲಲ್ಲ — ಎಲ್ಲರಿಗೂ ಕಾಣುವಂತೆ ಇವಳು ಬರೆದದ್ದು ಇಷ್ಟೇ, ಒಂದೇ ಸಾಲು. ನಲವತ್ತು ಜನ ನಕ್ಕರು, ಆ ನಗು ಹಿತವಾಗಿತ್ತು, ಸುಳ್ಳೇಕೆ, ಮರುದಿನ ಕಡಲಹಕ್ಕಿ ಕಥೆ ನಿಲ್ಲಿಸಿದಳು, ನಕ್ಕವರೇ ಇವಳ ಮೈಮೇಲೆ ಬಿದ್ದರು. ಬಳಗ ನೋಡಿಕೊಳ್ಳುವ ಟೀಚರಮ್ಮನಂತೂ, ಹೊಗಳೋದು ಬಯಲಲ್ಲಿ, ತಪ್ಪು ಹೇಳೋದು ಕಿವಿಯಲ್ಲಿ, ಅಷ್ಟೂ ಗೊತ್ತಾಗಲ್ವೇನಮ್ಮಾ. ತಂಗಿ ಬೇರೆ, ಅಕ್ಕಾ, ಚೆನ್ನಾಗಿದೆ ಅಂತ ಒಂದು ಮಾತು ಬಿಸಾಕಿದ್ರೆ ನಿನ್ನ ಗಂಟೇನು ಹೋಗ್ತಿತ್ತು.

ಚೆನ್ನಾಗಿದೆ! ಆ ಮಾತನ್ನು ಹೇಗೆ ಬರೆಯುವುದು, ಇವಳು ಹೊಲಿದ ಮೊದಲ ಕೋಟನ್ನು ಅಂಗಡಿಯ ಟೈಲರ್ ಮಾಸ್ಟರು ಮುಟ್ಟಿಯೂ ನೋಡದೆ ಚೆನ್ನಾಗಿದೆ ಅಂದಿದ್ದರು, ಮರುದಿನ ಅದು ಒರೆಸುವ ಬಟ್ಟೆಯಾಗಿ ಮೇಜಿನ ಮೇಲಿತ್ತು, ಈ ಅಂಗಡಿಯಲ್ಲಿ ಚೆನ್ನಾಗಿದೆ ಅಂದರೆ ಕೈಬಿಟ್ಟೆ ಅಂತ, ಗಿರಾಕಿಯ ಕೈಗೆ ಹೋಗುವ ಬಟ್ಟೆಯನ್ನು ಅವರು ಎಲ್ಲರೆದುರೇ ಒಳಮಗ್ಗುಲು ತಿರುಗಿಸಿ, ಹೊಲಿಗೆಗೆ ಉಗುರು ಹಾಕಿ ಎಳೆದು ನೋಡುತ್ತಾರೆ, ಬೈಯುತ್ತಾರೆ, ಎಳೆಸಿಕೊಳ್ಳುವುದೇ ಮರ್ಯಾದೆ ಇಲ್ಲಿ. ಆದರೆ ಕಡಲಹಕ್ಕಿ ಈ ಅಂಗಡಿಯವಳಲ್ಲವಲ್ಲ, ಅವಳಿಗೇನು ಗೊತ್ತು — ಮತ್ತೆ ಕಥೆಯ ಕೊನೆಗೆ ಮುಚ್ಚುಮರೆಯಿಲ್ಲದೆ ಹೇಳಿ ಅಂತ ಬರೆದದ್ದು ಯಾಕೆ, ಬಾಯಿಮಾತಿಗೋ? ಹೊಲಿಗೆಯವಳು, ಸಂಜೆ ಕಾಲೇಜಿನಲ್ಲಿ ಓದಿದವಳು, ನನಗೇಕೆ ಬೇಕಿತ್ತು, ಬೇಕಿತ್ತು, ಗುಂಡಿಯ ವಿಷಯ ನಾನಲ್ಲದೆ ಇನ್ಯಾರು ಹೇಳಬೇಕು. ಏನಮ್ಮಾ, ತೋಳು ಕೂಡಿಸ್ತೀಯೋ ಇಲ್ಲಾ ಕೋಟಿಗೇ ಪಾಠ ಹೇಳ್ತೀಯೋ, ಮಾಸ್ಟರು ಕೂಗುತ್ತಾರೆ, ಬಂತು ಮಾಸ್ಟರೇ, ಆರಕ್ಕೆ ಮೂರೇ ನಿಮಿಷ, ಮೊಬೈಲು ಮಗುಚಿದಳು, ಆ ಸಾಲಿನ ಮೇಲೆ ಬೆರಳೊತ್ತಿದಳು, ಅಳಿಸಲೇ ಎಂದು ಅದು ಕೇಳುತ್ತಿದೆ, ಇಲ್ಲ, ಅಳಿಸುವುದಿಲ್ಲ, ಹನ್ನೊಂದು ಅಧ್ಯಾಯ ಹೋಗಲಿ, ಆದರೆ ಹೇಳದೆ ಉಳಿಸಿಕೊಂಡದ್ದು ಒಂದಿದೆ, ಅದನ್ನೂ ಬಯಲಲ್ಲೇ ಹೇಳುತ್ತಾಳೆ, ಕಿವಿಯಲ್ಲಲ್ಲ, ಬರೆಯುತ್ತಾಳೆ: ಆ ಪುಟ ಮೂರು ಸಲ ಓದಿದೆ, ಮೂರು ಸಲವೂ ಅತ್ತೆ, ಅದಕ್ಕೇ ಆ ಗುಂಡಿ ಬೀಳಬಾರದು, ಗಂಟು ಹಾಕಿಸಿ. ಕಳಿಸಿದಳು. ಗೋಡೆ ಗಡಿಯಾರ ಆರು ಹೊಡೆಯಿತು, ಪರದೆಯಲ್ಲಿ ಬಳಗದ ಹೆಸರು ಇನ್ನೂ ಇದೆ, ಇದೆ, ಈಗ ಇಲ್ಲ, ಇಲ್ಲ — ಹಾಳಾಗಲಿ, ಕಡಲಹಕ್ಕಿ ಓದಿರುತ್ತಾಳೆ, ಓದದೆ ಇರುತ್ತಾಳೆಯೇ, ಎಲ್ಲೋ ಒಂದು ಮನೆಯಲ್ಲಿ, ಅವಳ ಪುಟದೊಳಗೆ, ಕಪ್ತಾನನ ಹೆಂಡತಿ ಕೋಟನ್ನು ಬಾಯಿಯ ಹತ್ತಿರ ತರುತ್ತಾಳೆ, ಹಲ್ಲಿನ ನಡುವೆ ದಾರ, ಕಚ್ಚುವ ಮುಂಚೆ ಒಂದು ಕ್ಷಣ, ದಾರ, ಗುಂಡಿ, ಹಲ್ಲು, ಇನ್ನೂ ಕಚ್ಚಿಲ್ಲ